ತೆಗೆದ್ರಾಯ್ತು ಬಿಡು

ಬೈಕಿಗೆ ಹೊಸ ಸೈಲೆನ್ಸರ್ ಹುಡುಕುತ್ತಿದ್ದೇನೆ ಅಂತ ಬೈಕ್ ಓಡಿಸುವ ಗೆಳೆಯರ ಮುಂದೆ ಬಾಯಿ ಬಿಡಬಾರದು. ಬಿಟ್ಟರೆ ಮುಗೀತು. ವರ್ಷಗಟ್ಟಲೆ ನಮ್ಮ ಫೋನ್ ಎತ್ತದವರೂ ತಾವಾಗಿ ಫೋನ್ ಮಾಡುತ್ತಾರೆ. ಎಲ್ಲರದೂ ಒಂದೇ ಪ್ರಶ್ನೆ: "ಸೌಂಡ್ ಹೇಗಿರಬೇಕು?" "ಕಡಿಮೆ ಇರಬೇಕು" ಅಂದೆ. ಲೈನ್ ಕಟ್ಟಾಯಿತೇನೋ ಅನ್ನುವಷ್ಟು ಹೊತ್ತು ಆ ಕಡೆ ಮಾತಿಲ್ಲ. ಆಮೇಲೆ, ಮನೆಯಲ್ಲಿ ಎಲ್ಲಾ ಚೆನ್ನಾಗಿದ್ದಾರಾ ಅಂತ ವಿಚಾರಿಸಿದರು.

ನನ್ನದು ಟೂರಿಂಗ್ ಬೈಕು. ಎರಡು ಸಿಲಿಂಡರ್. ಅಕ್ಕಪಕ್ಕ ಬಾಕ್ಸು, ಹಿಂದೆ ಹೆಂಡತಿ, ಕೆಳಗೆ ಸೆಂಟರ್ ಸ್ಟ್ಯಾಂಡು. ಇಡೀ ದಿನ ಓಡಿಸಿ ಇಳಿದಾಗ ಎದುರಿನವರ ಮಾತು ಕೇಳಿಸಬೇಕು, ಅಷ್ಟೇ ಆಸೆ. ಹಳೇ ಸೈಲೆನ್ಸರ್ ಒಳಗಿನಿಂದಲೇ ತುಕ್ಕು ಹಿಡಿದು ತೂತಾಯಿತು. ಹೊಗೆಯ ಜೊತೆ ನೀರಾವಿಯೂ ಬರುತ್ತದೆಯಲ್ಲ, ಅದು ಒಳಗೇ ತಣಿದು ನೀರಾಗಿ ಕೂತು ತಗಡು ತಿನ್ನುತ್ತದೆ. ತೂತಾದದ್ದನ್ನು ಬದಲಾಯಿಸಬೇಕು, ಇಷ್ಟು ಸರಳ ವಿಷಯ. ಆದರೆ ನಮ್ಮ ಗುಂಪಿನಲ್ಲೊಬ್ಬ ಮಹಾರಾಯನಿದ್ದಾನೆ.

ಯಾವ ತೊಂದರೆ ಹೇಳಿದರೂ ಅವನ ಹತ್ತಿರ ಇರುವುದು ಒಂದೇ ಮದ್ದು. ಭಾನುವಾರ ಬೆಳಗ್ಗೆ ಟಾರ್ಚ್ ಹಿಡಿದು ಬಂದು ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂತ. ನಾನು ಒಂದೊಂದೇ ಸಮಸ್ಯೆ ಬಿಚ್ಚಿಟ್ಟೆ. ಸೆಂಟರ್ ಸ್ಟ್ಯಾಂಡು ಮೇಲೆ ಮಡಚಿಕೊಂಡಾಗ ಬಂದು ಒರಗುವುದು ಹಳೇ ಸೈಲೆನ್ಸರಿಗೆ ಸಿಕ್ಕಿಸಿದ ಒಂದು ರಬ್ಬರ್ ತುಂಡಿನ ಮೇಲೆ. ಹೊಸ ಸೈಲೆನ್ಸರುಗಳಲ್ಲಿ ಎಷ್ಟೋ ಸಲ ಅದಕ್ಕೆ ಜಾಗವೇ ಇರುವುದಿಲ್ಲ. ತಡೆ ಇಲ್ಲದಿದ್ದರೆ ಸ್ಟ್ಯಾಂಡು ಇನ್ನೂ ಮೇಲೆದ್ದು, ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮಿಗೋ ಚೈನಿಗೋ ಬಡಿಯುತ್ತದೆ.

"ಸ್ಟ್ಯಾಂಡ್ ತೆಗೆದ್ರಾಯ್ತು ಬಿಡು" ಅಂದ.

"ಪಂಕ್ಚರ್ ಆದ್ರೆ? ಚೈನಿಗೆ ಎಣ್ಣೆ ಬಿಡೋಕೆ?"

"ಯಾರಾದ್ರೂ ಬೈಕ್ ಹಿಡ್ಕೋತಾರೆ."

"ಪೈಪು ಸ್ವಲ್ಪ ಮೇಲಕ್ಕೆ ಬಂದ್ರೂ ಬಲಗಡೆ ಬಾಕ್ಸಿಗೆ ಬಿಸಿ ತಾಗುತ್ತಲ್ಲೋ."

"ಬಾಕ್ಸ್ ತೆಗೆದ್ರಾಯ್ತು."

"ಬಟ್ಟೆ?"

"ಟೂರಿಗೆ ಎಷ್ಟು ಬಟ್ಟೆ ಬೇಕು ನಿಂಗೆ?"

ಬರೀ ಹಿಂದಿನ ಡಬ್ಬಿಯನ್ನಷ್ಟೇ ಬದಲಾಯಿಸುವ ಸ್ಲಿಪ್-ಆನ್ ಸಾಕು ಅಂದೆ. ಅವನಿಗೆ ಅವಮಾನವಾಯಿತು. ಎಂಜಿನ್ನಿನ ಬಾಯಿಂದ ಹಿಡಿದು ತುದಿಯವರೆಗೆ ಫುಲ್ ಸಿಸ್ಟಮ್ಮೇ ಹಾಕಬೇಕಂತೆ, ನಡುವೆ ಇರುವ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತು ಬಿಸಾಕಬೇಕಂತೆ. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪಿಸಿ, ವಿಷದ ಹೊಗೆಯನ್ನು ಆದಷ್ಟು ಸಾಧು ಮಾಡಿ ಹೊರಗೆ ಬಿಡುವ ವಸ್ತು ಅದು. ಇಡೀ ಬೈಕಿನಲ್ಲಿ ಊರಿಗೆ ಉಪಕಾರ ಮಾಡುವ ಭಾಗ ಅಂತಿದ್ದರೆ ಅದೊಂದೇ. ಅದನ್ನು ಕಿತ್ತರೆ ಗಾಳಿ-ಪೆಟ್ರೋಲಿನ ಲೆಕ್ಕ ತಪ್ಪುತ್ತೆ, ಎಂಜಿನ್ನಿನ ಕಂಪ್ಯೂಟರಾದ ಇಸಿಯುಗೆ ಹೊಸ ಲೆಕ್ಕದ ಮ್ಯಾಪ್ ಹಾಕಿಸಬೇಕು, ಇಲ್ಲಾಂದ್ರೆ ಮೀಟರಿನಲ್ಲಿ ಎಂಜಿನ್ ಲೈಟ್ ಹತ್ತಿಕೊಂಡೇ ಇರುತ್ತೆ ಅಂದೆ.

"ಬಲ್ಬ್ ತೆಗೆದ್ರಾಯ್ತು."

ಅಷ್ಟು ಹೊತ್ತು ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನನ್ನ ಹೆಂಡತಿ, "ಹಿಂದಿನ ಸೀಟೊಂದು ಯಾಕೆ ಬಿಟ್ರಿ, ಅದನ್ನೂ ತೆಗೀರಿ" ಅಂದಳು. ವ್ಯಂಗ್ಯ ಅಂದರೆ ಅವನಿಗೆ ಅರ್ಥವಾಗುವುದಿಲ್ಲ. ಟಾರ್ಚ್ ಅತ್ತ ತಿರುಗಿಸಿ, ತುಂಬಾ ಗೌರವದಿಂದ ಹೇಳಿದ: "ಹೂಂ ಅತ್ತಿಗೆ, ಸಿಂಗಲ್ ಸೀಟ್ ಕವರ್ ಸಿಗುತ್ತೆ. ನಾನೂ ಅದನ್ನೇ ಹೇಳೋಣ ಅಂತಿದ್ದೆ."

ಅವನ ಬೈಕಿನ ಸೈಲೆನ್ಸರ್ ತುದಿಯಲ್ಲಿ ಡಿಬಿ ಕಿಲ್ಲರ್ ಅಂತ ಒಂದು ಸಣ್ಣ ಕೊಳವೆ ಇತ್ತು. ಸದ್ದು ತಗ್ಗಿಸಲೆಂದೇ ಕೊಟ್ಟದ್ದು. ಒಂದೇ ಸ್ಕ್ರೂ. ಬೈಕಿಗೆ ಕೂರಿಸಿದ ದಿನವೇ ಬಿಚ್ಚಿದ. ಒಳಗೆ ತುಂಬಿದ್ದ ಗಾಜಿನ ನಾರೂ ಕಾದು ಕಾದು ಉದುರಿಹೋಗಿದೆ. ಆಗಾಗ ಬದಲಾಯಿಸಬೇಕಾದ ವಸ್ತು ಅದು. ಡೆಸಿಬೆಲ್ ಲೆಕ್ಕವೇ ಮೋಸದ್ದು. ಸುಮ್ನೆ 10 ಜಾಸ್ತಿ ಅಂತ ಕಾಣುತ್ತದೆ, ಆದರೆ ಸದ್ದಿನ ಶಕ್ತಿ 10 ಪಟ್ಟಾಗಿರುತ್ತದೆ, ಕಿವಿಗೆ ಹೆಚ್ಚುಕಡಿಮೆ ಎರಡರಷ್ಟು ಕೇಳಿಸುತ್ತದೆ. ಇಷ್ಟಾಗಿ ಅವನಿಗೆ ಅದು ಕೇಳಿಸುತ್ತದೆಯೇ? ಇಲ್ಲ! ನನಗೆ ಸಿಟ್ಟು ಬರುವುದೇ ಇಲ್ಲಿ. 100 ಕಿಲೋಮೀಟರ್ ವೇಗದಲ್ಲಿ ಹೆಲ್ಮೆಟ್ಟಿನೊಳಗೆ ಬರೀ ಗಾಳಿಯ ಸದ್ದೇ 90 ಡೆಸಿಬೆಲ್ ದಾಟುತ್ತದೆ. ಕಿವಿ ಹಾಳಾಗಬಾರದು ಅಂತ ಅವನು ಶಿಸ್ತಾಗಿ ಇಯರ್ ಪ್ಲಗ್ ಹಾಕಿಕೊಳ್ಳುತ್ತಾನೆ. ಪೈಪಿನ ಬಾಯಿ ಇರುವುದು ಹಿಂದಕ್ಕೆ. ಅವನ ಹಿಂದೆ ಓಡಿಸುವವನು ನಾನು. ಅವನು ಕೊಂಡ ಸದ್ದನ್ನು ಪೂರ್ತಿ ಅನುಭವಿಸುವವನೂ ನಾನೇ.

ಸದ್ದು ಜೋರಿದ್ದರೆ ಜೀವ ಉಳಿಯುತ್ತೆ, ಕಾರಿನವರು ಎಚ್ಚರವಾಗ್ತಾರೆ ಅನ್ನುವುದು ಅವನ ವಾದ. ಮುಂದಿರುವ ಕಾರಿನವರು ಗಾಜು ಏರಿಸಿ, ಹಾಡು ಹಾಕಿ ಕೂತಿರುತ್ತಾರೆ. ಸದ್ದು ಹೋಗುವುದು ಹಿಂದಕ್ಕೆ. ಅವರ ಗಾಜು ತೆಗೆದ್ರಾಯ್ತು ಅಂತ ಮಾತ್ರ ಅವನು ಇನ್ನೂ ಹೇಳಿಲ್ಲ.

ರಾತ್ರಿಯಾದರೆ ವಿಡಿಯೋ ಕಳಿಸುತ್ತಾನೆ. "ಇದು ಕೇಳು. ಈಗ ಇದು ಕೇಳು. ಬೇಸ್ ನೋಡು!" ಎಲ್ಲಿಯ ಬೇಸು? ನನ್ನ ಬೈಕಿನ ಎರಡು ಸಿಲಿಂಡರ್ ಸೇರಿ 4000 ಆರ್‌ಪಿಎಂನಲ್ಲಿ ಸೆಕೆಂಡಿಗೆ ಸುಮಾರು 67 ಸಲ ಸಿಡಿಯುತ್ತವೆ. ಅಷ್ಟು ತಗ್ಗಿನ ಸದ್ದು ಹೊರಡಿಸುವ ತಾಕತ್ತು ಫೋನಿನ ಬೆರಳುಗಾತ್ರದ ಸ್ಪೀಕರಿಗೆ ಇಲ್ಲ. ರೆಕಾರ್ಡ್ ಮಾಡುವ ಫೋನು ಜೋರು ಸದ್ದನ್ನು ತಾನೇ ತಗ್ಗಿಸಿ, ಸಣ್ಣದನ್ನು ಏರಿಸಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುತ್ತದೆ. ಹೀಗಾಗಿ ವಿಡಿಯೋದಲ್ಲಿ ಎಲ್ಲಾ ಸೈಲೆನ್ಸರಿನದೂ ಒಂದೇ ಸದ್ದು. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಗಂಟೆಗಟ್ಟಲೆ ಹೋಗುವಾಗ ಕಿವಿಯೊಳಗೆ ದುಂಬಿ ಹೊಕ್ಕ ಹಾಗೆ ಒಂದು ಗುಂಯ್‌ಗುಡುವ ಸದ್ದು ಹಿಡಿದುಕೊಳ್ಳುತ್ತದೆ ನೋಡಿ, ಟೂರಿಂಗಿನವರು ಹೆದರುವುದು ಅದಕ್ಕೆ. ಯಾವ ವಿಡಿಯೋದಲ್ಲೂ ಕೇಳಿಸದ್ದು ಸರಿಯಾಗಿ ಅದೇ. ವಿಡಿಯೋ ಸಾಲದು ಅನ್ನಿಸಿದರೆ ಅವನು ತುಟಿ ಮುಂದೆ ಮಾಡಿ ಬಾಯಲ್ಲೇ ಸೌಂಡ್ ಮಾಡಿ ವಾಯ್ಸ್ ಮೆಸೇಜ್ ಕಳಿಸುತ್ತಾನೆ. ನಿಜ ಹೇಳಬೇಕೆಂದರೆ ವಿಡಿಯೋಗಿಂತ ಅದೇ ವಾಸಿ.

ಈ ಸದ್ದು ಅಡಗಿಸಲು ಜನ ಪಟ್ಟ ಪಾಡೇನು ಕಡಿಮೆಯೇ? ಎಂಜಿನ್ನಿನ ಮಫ್ಲರಿಗೆ, ಅಂದರೆ ಸೈಲೆನ್ಸರಿಗೆ, ಅಮೆರಿಕದ ರೀವ್ಸ್ ಸಹೋದರರು 1897ರಲ್ಲೇ ಪೇಟೆಂಟ್ ಪಡೆದರು. ಆಮೇಲೆ ಹೈರಮ್ ಪರ್ಸಿ ಮ್ಯಾಕ್ಸಿಮ್ ಬಂದ. ಬಂದೂಕಿಗೂ ಎಂಜಿನ್ನಿಗೂ ಸದ್ದಡಗಿಸುವ ಸಾಧನ ಮಾಡಿದ. ಅವನ ಅಪ್ಪ ಮೆಷಿನ್ ಗನ್ ಕಂಡುಹಿಡಿದವನು, ಗುಂಡಿನ ಸದ್ದಿಗೇ ಕಿವಿ ಕಳಕೊಂಡವನು. ಅಂಥ ಮನೆಯಲ್ಲಿ ಬೆಳೆದವನಿಗೆ ಮಾತ್ರ ನನ್ನ ಕಷ್ಟ ಅರ್ಥವಾದೀತು.

ಸೈಲೆನ್ಸರಿನದು ನನಗೆ ಇಷ್ಟವಾದ ಸದ್ದೂ ಒಂದಿದೆ. ಘಟ್ಟ ಹತ್ತಿ ಮೇಲೆಲ್ಲೋ ನಿಲ್ಲಿಸಿ, ಎಂಜಿನ್ ಆರಿಸಿ, ಹೆಲ್ಮೆಟ್ ತೆಗೆದಾಗ ಪೈಪು ತಣಿಯುತ್ತಾ ಟಿಣ್, ಟಿಣ್ ಅನ್ನುತ್ತದೆ. ಕಾದು ಹಿಗ್ಗಿದ ಲೋಹ ಕುಗ್ಗುವ ಸದ್ದು. ನಾವಿಬ್ಬರೂ ಮಾತಾಡದೆ ಅದು ನಿಲ್ಲುವ ತನಕ ಕೂತಿರುತ್ತೇವೆ. ಹೆಂಡತಿ ಅದನ್ನು "ಗಾಡಿ ಸುಧಾರಿಸ್ಕೋತಾ ಇದೆ" ಅನ್ನುತ್ತಾಳೆ. ಈ ಸದ್ದಿನ ವಿಡಿಯೋ ಯಾರೂ ಕಳಿಸಿಲ್ಲ.

ಟೈಟಾನಿಯಂ ವಿಚಾರವೂ ಬಂತು. ಉಕ್ಕಿಗಿಂತ ಶೇಕಡಾ 40ರಷ್ಟು ಹಗುರ, ಕಾದರೆ ಚಂದದ ನೀಲಿ ಬಣ್ಣಕ್ಕೆ ತಿರುಗುತ್ತದೆ. ಆದರೆ ನಮ್ಮ ಬಾಕ್ಸಿನಲ್ಲಿರುವ ಇಬ್ಬರ ರೈನ್‌ಕೋಟೇ ಅದರಲ್ಲಿ ಉಳಿಸಿದ ತೂಕವನ್ನು ತಿಂದುಹಾಕುತ್ತದೆ. ಕೊನೆಗೆ ಸ್ಟೇನ್‌ಲೆಸ್ ಸ್ಟೀಲಿನ ಸ್ಲಿಪ್-ಆನ್ ತರಿಸಿದೆ. ಸ್ಟ್ಯಾಂಡಿನ ತಡೆಗೆ ಜಾಗ ಇರುವಂಥದ್ದು, ಬಾಕ್ಸಿಗೆ ತಾಗದ್ದು, ಡಿಬಿ ಕಿಲ್ಲರನ್ನು ರಿವೆಟ್ ಹೊಡೆದು ಕೂರಿಸಿದ್ದು. ರಿವೆಟ್ ಕಂಡು ಅವನ ಮುಖ ಸಣ್ಣದಾಯಿತು.

ಆದರೂ ಕೂರಿಸಲು ಬಂದ, ಒಳ್ಳೆಯವನು. ಮೊದಲ ಸಲ ಸ್ಟಾರ್ಟ್ ಮಾಡುವ ಮುಂಚೆ ಪೈಪನ್ನು ಸ್ಪಿರಿಟ್ಟಿನಲ್ಲಿ ಒರೆಸಬೇಕು, ಕೈಯ ಜಿಡ್ಡು ಉಳಿದರೆ ಬಿಸಿಗೆ ಸುಟ್ಟು ಕಲೆಯಾಗುತ್ತದೆ ಅಂತ ಕಾಗದದಲ್ಲಿ ಬರೆದಿತ್ತು. ಮುಖ ಕಾಣುವ ಹಾಗೆ ಒರೆಸಿದೆ. ಬಟ್ಟೆ ಒಳಗಿಟ್ಟು ಬರುವಷ್ಟರಲ್ಲಿ ಎಂಜಿನ್ ಓಡುತ್ತಿತ್ತು. ಅಲುಗಾಡುತ್ತಾ ಅಂತ ಒಮ್ಮೆ ಗಟ್ಟಿಯಾಗಿ ಹಿಡಿದು ನೋಡಿ, ಸ್ಟಾರ್ಟ್ ಮಾಡಿದ್ದನಂತೆ. ನೋಡನೋಡುತ್ತಿದ್ದಂತೆ ಎಂಜಿನ್ ಕಡೆಯ ಕೊಳವೆಯ ಮೇಲೆ ಒಂದು ಹೆಬ್ಬೆರಳು, ಅದರಾಚೆ ನಾಲ್ಕು ಬೆರಳು, ಗೆರೆಗೆರೆ ಸಮೇತ ಕಂದು ಬಣ್ಣದಲ್ಲಿ ಮೂಡಿದವು. ತಣಿದ ಮೇಲೆ ಉಜ್ಜಿದೆ. ತಿಕ್ಕಿದೆ. ಹೋಗಲಿಲ್ಲ.

ಅವನು ಟಾರ್ಚ್ ಬಿಟ್ಟು ಹತ್ತಿರದಿಂದ ನೋಡಿದ. ತನ್ನ ಹೆಬ್ಬೆರಳನ್ನು ಪಕ್ಕದಲ್ಲಿಟ್ಟು ತಾಳೆ ಮಾಡಿದ. ಪರಿಚಯವಾದಾಗಿನಿಂದ ಅವನ ಬಾಯಲ್ಲಿ ಕೇಳದ ಮಾತು ಆಗ ಕೇಳಿದೆ.

"ಇದೊಂದು ಇರ್ಲಿ ಬಿಡು."