ಹಲವು ಮಕ್ಕಳ ತಾಯಿ ಬೇರು

ಹೆಂಗಸರ ಮೈ ಬಗ್ಗೆ ನಮ್ಮ ಸರ್ಕಾರಕ್ಕೆ ಎಷ್ಟು ನಿಖರವಾದ ಜ್ಞಾನ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. 2025ರ ಮುಟ್ಟಿನ ರಜೆ ಆದೇಶ ನೀವೂ ಓದಿರುತ್ತೀರಿ. ತಿಂಗಳಿಗೊಂದು ದಿನ, ಸಂಬಳ ಸಮೇತ, 18ರಿಂದ 52 ವರ್ಷದವರಿಗೆ. ಒಳ್ಳೆಯದೇ, ನಾನೇನೂ ಬೇಡ ಅನ್ನುವುದಿಲ್ಲ. ಆದರೆ 52ಕ್ಕೆ ಗೆರೆ! ಅಲ್ಲಿಗೆ ಎಲ್ಲ ನಿಂತು, ಮೈ ತಣ್ಣಗಾಗಿ, ಹೆಂಗಸು ಸುಮ್ನೆ ಫೈಲ್ ನೋಡುತ್ತಾ ಕೂರುತ್ತಾಳೆ. ನನಗೆ ಬರುವ ಸಂಕ್ರಾಂತಿಗೆ 53 ತುಂಬುತ್ತೆ. ಮೈಗೆ ಆದೇಶದ ಪ್ರತಿ ತೋರಿಸಿ ನೋಡಬೇಕು.

ಮುಟ್ಟು ನಿಲ್ಲುವ ಹೊತ್ತಿನವಳಿಗೆ ರಜೆ ಇಲ್ಲದಿದ್ದರೂ ಸಲಹೆಗೆ ಬರ ಇಲ್ಲ. ರಾತ್ರಿ ಮೂರಕ್ಕೆ ಕತ್ತಿನಿಂದ ಜಳ ಏರಿ ಮೈಯೆಲ್ಲ ಒದ್ದೆಯಾಗುತ್ತೆ ಅಂತ ಬಾಯಿ ಬಿಟ್ಟು ನೋಡಿ. "ಉಷ್ಣ" ಅಂತಾರೆ. ನಮ್ಮವರಿಗೆ ಎಲ್ಲವೂ ಉಷ್ಣವೇ. ಬಾಯಿಹುಣ್ಣು ಉಷ್ಣ, ಕಣ್ಣುರಿ ಉಷ್ಣ, ಪರಂಗಿ ಹಣ್ಣಂತೂ ಬೆಂಕಿ. ನೆತ್ತಿಗೆ ಹರಳೆಣ್ಣೆ ಇಟ್ಕೋ, ಕೊತ್ತಂಬರಿ ಬೀಜದ ಕಷಾಯ ಕುಡಿ, ನಿದ್ದೆ ಬರದಿದ್ದರೆ ಗಸಗಸೆ ಪಾಯಸ ಮಾಡ್ಕೋ. ಗಸಗಸೆ ಪಾಯಸದ ಮೇಲೆ ನನ್ನ ತಕರಾರಿಲ್ಲ. ಹಬ್ಬದ ಮಧ್ಯಾಹ್ನ ಎರಡು ಲೋಟ ಇಳಿಸಿ ನಡುಮನೆಯಲ್ಲಿ ಉರುಳಿಕೊಂಡ ಗಂಡಸರನ್ನು ದಾಟಿಕೊಂಡೇ ನಾನು ಪಾತ್ರೆ ಎತ್ತಿದ್ದೇನೆ. ಆದರೆ ಅದನ್ನು ಮಾಡಿದವಳು ಮಲಗಿದ್ದನ್ನು ಇವತ್ತಿನವರೆಗೂ ಕಂಡಿಲ್ಲ. ಗಸಗಸೆ ಹುರಿದು, ಕಾಯಿ ತುರಿದು, ರುಬ್ಬಿ, ಕುದಿಸಿ, ಎಲ್ಲರಿಗೂ ಬಡಿಸುವಷ್ಟರಲ್ಲಿ ಸಂಜೆ ಕಾಫಿಗೆ ಹಾಲು ಇಡಬೇಕು.

ಕಳೆದ ವಾರ ಮೈದುನನ ಮಗಳು ಒಂದು ಗುಲಾಬಿ ಬಣ್ಣದ ಬಾಟ್ಲಿ ತಂದುಕೊಟ್ಟಳು. "ದೊಡ್ಡಮ್ಮ, ಪೂರ್ತಿ ನ್ಯಾಚುರಲ್!" ಉಮ್ಮತ್ತಿ ಕಾಯಿಯೂ ನ್ಯಾಚುರಲ್ಲೇ ಕಣಮ್ಮ ಅನ್ನಬೇಕು ಅನಿಸಿತು, ಪ್ರೀತಿಯಿಂದ ತಂದಿದ್ದಾಳೆ ಅಂತ ಸುಮ್ಮನಾದೆ. ಕನ್ನಡಕ ಹಾಕಿಕೊಂಡು ಓದಿದರೆ ಮೊದಲ ಹೆಸರೇ ಶತಾವರಿ. ನಮ್ಮಜ್ಜಿ ಇದನ್ನು ಹಲವು ಮಕ್ಕಳ ತಾಯಿ ಬೇರು ಅನ್ನುತ್ತಿದ್ದರು. ಬುಡ ಅಗೆದರೆ ಗೊಂಚಲು ಗೊಂಚಲು ಗಡ್ಡೆ. ಬಾಣಂತಿಗೆ ಹಾಲು ಬರಲಿ ಅಂತ ಕೊಡುತ್ತಿದ್ದರು. ಈಗ ಆ ಅಂಗಡಿಯನ್ನೇ ಮುಚ್ಚಿದವಳಿಗೂ ಅದೇ ಬೇರು!

ಎರಡನೆಯದು ಅಗಸೆ ಬೀಜ. ಪಕ್ಕದ ಮನೆಯಾಕೆ ಹುಬ್ಬಳ್ಳಿಯವಳು, ರೊಟ್ಟಿ ಜೊತೆ ಅಗಸಿ ಹಿಂಡಿ ತಿಂದೇ ಬೆಳೆದವಳು. ಬಾಟ್ಲಿ ತಿರುಗಿಸಿ ಬೆಲೆ ನೋಡಿ, "ಅಯ್ಯ, ಇಷ್ಟ್ ರೊಕ್ಕದಾಗ ಓಣಿ ಮಂದಿಗೆಲ್ಲಾ ಹಿಂಡಿ ಕುಟ್ಟಿ ಕೊಡ್ತೀನ್ರೀ" ಅಂದಳು. ನಲವತ್ತು ವರ್ಷ ಹಿಂಡಿ ತಿಂದ ಅವಳಿಗೂ ರಾತ್ರಿ ಮೂರಕ್ಕೆ ಜಳ ಬರುತ್ತೆ, ಅದು ಬೇರೆ ಮಾತು. ಪ್ರಯೋಗಗಳಲ್ಲಿ ಮದ್ದೇ ಇಲ್ಲದ ಗುಳಿಗೆ ನುಂಗಿದವರಿಗೂ ಜಳ ಎಷ್ಟೋ ಕಮ್ಮಿಯಾಗಿದೆ. ಹಾಗಾಗಿ ಬಾಟ್ಲಿ ಮಾರುವವನಿಗೆ ಸಾಕ್ಷಿ ಹೇಳುವ ಅಕ್ಕಂದಿರು ಯಾವತ್ತೂ ಸಿಗುತ್ತಾರೆ. ಅವರು ಸುಳ್ಳೂ ಹೇಳುತ್ತಿಲ್ಲ.

ಹಾರ್ಮೋನ್ ಮಾತ್ರೆ ಕೇಳೋಣ ಅಂದರೆ "ಅಯ್ಯೋ, ಕ್ಯಾನ್ಸರ್!" 2002ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ಹುಟ್ಟಿಸಿದ ಹೆದರಿಕೆ ಅದು. ಅದರಲ್ಲಿದ್ದ ಹೆಂಗಸರ ಸರಾಸರಿ ವಯಸ್ಸು 63. ಅರವತ್ತರೊಳಗೆ, ಮುಟ್ಟು ನಿಂತು ಹತ್ತು ವರ್ಷ ಆಗುವುದರೊಳಗೆ ಶುರು ಮಾಡಿದರೆ, ಬೇರೆ ಕಾಯಿಲೆ ಇಲ್ಲದವರಿಗೆ ಸಾಮಾನ್ಯವಾಗಿ ಲಾಭವೇ ಜಾಸ್ತಿ ಅಂತ ತಜ್ಞರು ಆಮೇಲೆ ಹೇಳಿದರು. ಆ ಮೆಸೇಜ್ ಮಾತ್ರ ನಮ್ಮ ಫ್ಯಾಮಿಲಿ ಗ್ರೂಪಿಗೆ ಬರಲೇ ಇಲ್ಲ.

ಇನ್ನು ಜೀವನಶೈಲಿ. ಐದಕ್ಕೆದ್ದು ಯೋಗ ಮಾಡಿ, ಕಾಫಿ ಬಿಡಿ, ಖಾರ ಬಿಡಿ, ಟೆನ್ಷನ್ ಬಿಡಿ. ಭಾರ ಎತ್ತಿದರೆ ಮೂಳೆಗೆ ಒಳ್ಳೆಯದು ಅನ್ನುವುದು ನಿಜ. ಗ್ಯಾಸ್ ಸಿಲಿಂಡರ್ ಲೆಕ್ಕಕ್ಕೆ ಬರುತ್ತಾ, ಕೇಳಬೇಕು. ಟೆನ್ಷನ್ ಬಿಡು ಅಂತ ಉಪದೇಶ ಮಾಡಿದ ನಮ್ಮ ಯಜಮಾನರೇ ಮರುಗಳಿಗೆ "ಮಧ್ಯಾಹ್ನ ನಾಲ್ಕು ಜನ ಊಟಕ್ಕೆ ಬರ್ತಾರೆ ಕಣೇ" ಅಂದರು. ಮನೆಯಲ್ಲಿ ಐದು ಜನ ಇದ್ದೇವೆ. ಶೈಲಿ ಬದಲಾಗಬೇಕಾದ್ದು ನನ್ನೊಬ್ಬಳದು.

ನಮ್ಮ ಬೀದಿಯ ಒಬ್ಬರಿಗೆ ಮುಟ್ಟು ನಿಂತು ಎರಡು ವರ್ಷದ ಮೇಲೆ ಮತ್ತೆ ರಕ್ತ ಕಾಣಿಸಿತು. ಆರು ತಿಂಗಳು ಕಷಾಯ ಕುಡಿದರು. ವರ್ಷ ಪೂರ್ತಿ ನಿಂತ ಮೇಲೆ ಒಂದು ಹನಿ ಕಂಡರೂ ಡಾಕ್ಟರಿಗೆ ತೋರಿಸಬೇಕು ಅಂತ ದಿನಾ ಗುಡ್ ಮಾರ್ನಿಂಗ್ ಜೊತೆ ಮನೆಮದ್ದು ಕಳಿಸುವ ಒಬ್ಬರೂ ಅವರಿಗೆ ಹೇಳಲಿಲ್ಲ. ಕಲಬುರಗಿ ಕಡೆಯ ತಾಂಡಾಗಳಲ್ಲಿ ಹೊಟ್ಟೆನೋವು ಅಂತ ಹೋದ ಹೆಂಗಸರ ಗರ್ಭಕೋಶವನ್ನೇ ತೆಗೆದು ಕಳಿಸಿದ್ದು ಎಲ್ಲರಿಗೂ ಗೊತ್ತಿರುವ ಸುದ್ದಿ. ಜೊತೆಗೆ ಅಂಡಾಶಯವೂ ಹೋದರೆ ಈ ಜಳ ಮೂವತ್ತೈದಕ್ಕೇ ಶುರು. ಗುಲಾಬಿ ಬಾಟ್ಲಿಯವರು ಅಲ್ಲಿಗೆ ಹೋಗುವುದಿಲ್ಲ. ಐದರ ಯೋಗ ಹೇಳಿಕೊಡುವವರೂ ಹೋಗುವುದಿಲ್ಲ. ಬೆಳಿಗ್ಗೆ ಎದ್ದರೆ ಕೂಲಿ, ಅಷ್ಟೆ.

ನಮ್ಮ ಮನೆಯಲ್ಲಿ ಸದ್ಯಕ್ಕೆ ಫ್ಯಾನ್ ಚಿಕಿತ್ಸೆ ನಡೆಯುತ್ತಿದೆ. ಮೈಸೂರಿನ ಡಿಸೆಂಬರ್ ಚಳಿಯಲ್ಲೂ ಐದರಲ್ಲೇ ಓಡಬೇಕು. ನಡುರಾತ್ರಿ ಇವರು ಕಂಬಳಿಯೊಳಗಿಂದ "ಸ್ವಲ್ಪ ಕಮ್ಮಿ ಮಾಡೇ" ಅಂತಾರೆ. ನಾನು ಎದ್ದು ಹೋಗಿ ರೆಗ್ಯುಲೇಟರನ್ನು ಟಕ್ ಅಂತ ನಾಲ್ಕಕ್ಕೆ ತಂದು, ಟಕ್ ಅಂತ ಮತ್ತೆ ಐದಕ್ಕೇ ತಿರುಗಿಸಿ ಬಂದು ಮಲಗುತ್ತೇನೆ.

"ಹಾಂ, ಈಗ ಹಿತವಾಯ್ತು ನೋಡು" ಅಂತ ಗೊರಕೆ ಶುರು ಮಾಡುತ್ತಾರೆ.