ಮನೆ ಒಡೆಯಲಿಲ್ಲ, ಕೊಡೆ ಹಿಡಿದೆವು

ಜಯನಗರದ ನಮ್ಮ ಮನೆಯನ್ನು ಅಪ್ಪ ಕಟ್ಟಿಸಿದ್ದು 1974ರಲ್ಲಿ. ಹೆಂಚಿಲ್ಲ, ಜಗುಲಿಯಿಲ್ಲ, ಚಪ್ಪಟೆ ತಾರಸಿ, ಉದ್ದನೆಯ ಸಜ್ಜಾ, ಮೆಟ್ಟಿಲ ಪಕ್ಕ ನೆಲದಿಂದ ಸೂರಿನವರೆಗೆ ಸಿಮೆಂಟ್ ಜಾಲಿ. ಬೀದಿಯವರು ಅದನ್ನು ‘ಬೆಂಕಿಪೊಟ್ಟಣ’ ಎನ್ನುತ್ತಿದ್ದರಂತೆ. ಈಗ ಮನೆ ಮಂದಿಗೆ ಕೋಣೆ ಸಾಲದು, ಏಪ್ರಿಲ್ ಬಂದರೆ ರಾತ್ರಿ ನಿದ್ದೆಯಿಲ್ಲ. ನೋಡಲು ಬಂದ ಮೂವರು ಗುತ್ತಿಗೆದಾರರಲ್ಲಿ ಇಬ್ಬರದು ಒಂದೇ ಮಾತು: “ಒಡೆದು ನಾಲ್ಕು ಅಂತಸ್ತು ಎತ್ತಿಬಿಡಿ ಸಾರ್, ಬಾಡಿಗೆ ಬರುತ್ತದೆ.” ಮೂರನೆಯವರು ಎಲ್ಲ ಕೋಣೆಗೂ ಎಸಿ ಹಾಕಿಸಿ ಎಂದರು.

ಆದರೆ ಈ ಮನೆ ಮೊದಲು ಹೀಗೆ ಬೇಯುತ್ತಿರಲಿಲ್ಲ. ಕೆಡಿಸಿದ್ದು ನಾವೇ. ಧೂಳು ಬರುತ್ತದೆಂದು 2003ರಲ್ಲಿ ಜಾಲಿಗೆ ಗಾಜು ಹೊಡೆಸಿದೆವು. ಚಂದಕ್ಕೆಂದು ವೆಂಟಿಲೇಟರ್‌ಗಳನ್ನು ಮುಚ್ಚಿಸಿ ಗಾರೆ ಬಳಿಸಿದೆವು. ಬಿಸಿಗಾಳಿ ಹೊರಹೋಗಲು ಇದ್ದ ದಾರಿಯೇ ಅದು. ಪೂರ್ತಿ ತೆರೆಯುತ್ತಿದ್ದ ಮರದ ಕಿಟಕಿಗಳನ್ನು ಕಿತ್ತು, ಸರಿಸಿದರೆ ಅರ್ಧವೇ ತೆರೆಯುವ ಕಿಟಕಿ ಕೂರಿಸಿದೆವು. ಕಾರು ನಿಲ್ಲಿಸಲು ಪಶ್ಚಿಮದ ಸಂಪಿಗೆ ಮರವನ್ನೂ ಕಡಿಸಿದೆವು. ಅಮ್ಮ ಅದನ್ನು ಇವತ್ತಿಗೂ ಮರೆತಿಲ್ಲ, ನಮಗೆ ಮರೆಯಲು ಬಿಟ್ಟೂ ಇಲ್ಲ.

ಸಜ್ಜಾ, ಜಾಲಿ ಎಲ್ಲ ಹಳೇ ಶೋಕಿ ಎಂದುಕೊಂಡವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಾಸ್ತುಶಿಲ್ಪಿ ಆಟೊ ಕೋನಿಗ್ಸ್‌ಬರ್ಗರ್ ವಿನ್ಯಾಸ ಮಾಡಿದ ಕಟ್ಟಡಗಳನ್ನು ಒಮ್ಮೆ ನೋಡಬೇಕು. ಜರ್ಮನಿಯಿಂದ ಹೊರಬಿದ್ದು 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದವರು ಅವರು. ಇಲ್ಲಿನ ಬಿಸಿಲು ಯಾವ ಕಡೆಯಿಂದ ಬೀಳುತ್ತದೆ, ಗಾಳಿ ಎಲ್ಲಿಂದ ಬೀಸುತ್ತದೆ ಎಂದು ಲೆಕ್ಕ ಹಾಕಿ ಗೋಡೆ ಎಬ್ಬಿಸಿದರು. ಅಪ್ಪನ ಮೇಸ್ತ್ರಿಗೆ ಆ ಹೆಸರು ಗೊತ್ತಿದ್ದಿರಲಾರದು, ಲೆಕ್ಕ ಮಾತ್ರ ಗೊತ್ತಿತ್ತು.

ಅಪ್ಪನ ಕಾಲದ ಮನೆಗಳಲ್ಲಿ ನಿಜವಾಗಿಯೂ ಸೋತದ್ದು ಸೂರು. ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ಆ ಏಟು ಬೀಳುವುದು ಗೋಡೆಗಲ್ಲ, ತಾರಸಿಗೆ. ಹಗಲೆಲ್ಲ ಕಾಂಕ್ರೀಟ್ ಕುಡಿದ ಶಾಖ ರಾತ್ರಿ ಹಾಸಿಗೆಯ ಮೇಲೆ ಇಳಿಯುತ್ತದೆ. ಮನೆಗಳಲ್ಲಿ ವಿದ್ಯುತ್ ಉಳಿಸಲೆಂದು ಕೇಂದ್ರ ಸರ್ಕಾರ ತಂದ 2018ರ ಇಕೋ ನಿವಾಸ್ ಸಂಹಿತೆಯ ಪ್ರಕಾರ ವಸತಿ ಕಟ್ಟಡದ ಸೂರಿನಲ್ಲಿ ಒಳಗೂ ಹೊರಗೂ ಇರುವ ತಾಪದ ಒಂದು ಡಿಗ್ರಿ ವ್ಯತ್ಯಾಸಕ್ಕೆ ಚದರ ಮೀಟರಿಗೆ 1.2 ವಾಟ್‌ಗಿಂತ ಹೆಚ್ಚು ಶಾಖ ದಾಟಬಾರದು. ಬರೀ ಕಾಂಕ್ರೀಟ್ ಅದರ ಎರಡು ಪಟ್ಟಿಗೂ ಹೆಚ್ಚು ಒಳಗೆ ಬಿಡುತ್ತದೆ. ಇಂಥ ಸೂರಿನ ಕೆಳಗೆ ಎಸಿ ಓಡಿಸುವುದು, ಅದಕ್ಕೆಂದೇ ಸೋಲಾರ್ ಹಾಕಿಸುವುದು, ತೂತು ಬಿಂದಿಗೆಗೆ ದೊಡ್ಡ ನಲ್ಲಿ ಜೋಡಿಸಿದ ಹಾಗೆ.

ಹೀಗಾಗಿ ಕೆಲಸ ಮೇಲಿನಿಂದ ಶುರುವಾಯಿತು. ಸೋರಿಕೆ ಸರಿಮಾಡಿಸಿ, ಶಾಖ ತಡೆಯುವ ಹಲಗೆ ಹಾಸಿ, ಮೇಲೆ ಒಡೆದ ಬಿಳಿ ಟೈಲ್ಸ್ ಕೂರಿಸಿದೆವು. ಹೊಸ ಎರಡು ಕೋಣೆಗಳನ್ನು, ಕೆಳಗೆ ಅತಿ ಹೆಚ್ಚು ಬೇಯುವ ಪಶ್ಚಿಮದ ಮಲಗುವ ಕೋಣೆಯ ನೆತ್ತಿಗೇ ತಂದೆವು. ಮನೆ ಹಿಗ್ಗಿತು, ಕೆಳಗಿನ ಕೋಣೆಗೆ ಕೊಡೆಯೂ ಆಯಿತು. ನಮ್ಮದು ಕಾಲಂ ಇಲ್ಲದ, ಒಂಬತ್ತು ಅಂಗುಲದ ಇಟ್ಟಿಗೆ ಗೋಡೆಯೇ ಭಾರ ಹೊರುವ ಮನೆ. ಎಂಜಿನಿಯರ್ ಎರಡು ಕಡೆ ಅಗೆಸಿ ಪಾಯ ನೋಡಿದ ಮೇಲೆ, ಉಕ್ಕಿನ ಚೌಕಟ್ಟು ಮತ್ತು ಟೊಳ್ಳು ಇಟ್ಟಿಗೆಗೆ ಮಾತ್ರ ಒಪ್ಪಿದರು. ಮೂರನೇ ಕೋಣೆ ಕೇಳಿದೆ, ಆಗುವುದಿಲ್ಲ ಎಂದರು. ಅಷ್ಟು ಖಡಾಖಂಡಿತವಾಗಿ ಹೇಳುವವರು ಸಿಕ್ಕಿದ್ದು ನಮ್ಮ ಪುಣ್ಯ. ಉಳಿದ ತಾರಸಿಯ ಮೇಲೆ ಸೋಲಾರ್ ಫಲಕಗಳನ್ನು ಆಳೆತ್ತರಕ್ಕೆ ಏರಿಸಿ ಹಾಕಿಸಿದೆವು. ಕೆಳಗೆ ನೆರಳು, ಅಮ್ಮನಿಗೆ ಸಂಡಿಗೆ ಒಣಗಿಸಲು ಅಂಚಿನಲ್ಲಿ ಬಿಸಿಲು.

ಇಳಿಬಿಸಿಲಿಗೆ ಸಜ್ಜಾ ಸಾಲದು ಎಂದು ಪಶ್ಚಿಮದ ಕಿಟಕಿಗಳ ಮುಂದೆ ನಿಲುವು ಪಟ್ಟಿಗಳನ್ನು ನಿಲ್ಲಿಸಿದ್ದೇವೆ. ವೆಂಟಿಲೇಟರ್‌ಗಳು ಮತ್ತೆ ಬಾಯಿ ತೆರೆದಿವೆ. ಜಾಲಿಯ ಗಾಜು ತೆಗೆಸಿ ಸೊಳ್ಳೆಪರದೆ ಬಿಗಿಸಿದ್ದಾಯಿತು. ಧೂಳು ಬರುತ್ತದೆ. ವಾರಕ್ಕೆ ಎರಡು ಬಾರಿ ಒರೆಸುವ ಪಾಳಿ ನನ್ನದು.

ಮೇಲಿನ ಕೋಣೆಗೆ ಎಸಿ ಪಾಯಿಂಟ್ ಇರಲಿ ಎಂದು ಮಗಳು ಹಟ ಹಿಡಿದಳು. ವೈರ್ ಎಳೆಸಿದ್ದೇನೆ, ಯಂತ್ರ ತಂದಿಲ್ಲ. ಮುಂದಿನ ಏಪ್ರಿಲ್ ನೋಡಿ ತೀರ್ಮಾನ ಎಂದು ಇಬ್ಬರೂ ಒಪ್ಪಂದ ಮಾಡಿಕೊಂಡಿದ್ದೇವೆ.