ಮೇರಿ ಸೆಲೆಸ್ಟ್: ಬಿಸಿ ಚಹಾದ ಕಥೆ ನಿಜವಲ್ಲ

1872ರಲ್ಲಿ ನಡುಗಡಲಲ್ಲಿ ಸಿಕ್ಕ ಮೇರಿ ಸೆಲೆಸ್ಟ್ ಹಡಗಿನಲ್ಲಿ ಚಹಾ ಇನ್ನೂ ಬಿಸಿಯಾಗಿತ್ತು, ದೋಣಿ ಇದ್ದಲ್ಲೇ ಇತ್ತು, ಜನ ಮಾತ್ರ ಮಾಯ! ಈ ಫಾರ್ವರ್ಡ್ ಆಗಾಗ ಬರುತ್ತಲೇ ಇರುತ್ತದೆ.

ಚಹಾದ ಮಾತು ಸುಮ್ನೆ ಕಟ್ಟಿದ್ದು. ಡಿಸೆಂಬರ್ ಮೊದಲ ವಾರ ಅಟ್ಲಾಂಟಿಕ್‌ನಲ್ಲಿ ಇನ್ನೊಂದು ಹಡಗಿನವರು ಅದನ್ನು ಕಂಡರು. ಮೇರಿ ಸೆಲೆಸ್ಟ್‌ನ ದಿನಚರಿಯ ಕೊನೆಯ ಬರಹ ನವೆಂಬರ್ 25ರದ್ದು. ಅಷ್ಟು ದಿನ ಚಹಾ ಬಿಸಿ ಇರುತ್ತದಾ?

ದೋಣಿಯೂ ಇರಲಿಲ್ಲ. ದಿಕ್ಕು ಲೆಕ್ಕಹಾಕುವ ಉಪಕರಣಗಳೂ ಇರಲಿಲ್ಲ. ಕ್ಯಾಪ್ಟನ್ ಬ್ರಿಗ್ಸ್, ಹೆಂಡತಿ, ಪುಟ್ಟ ಮಗಳು, 7 ನಾವಿಕರು ತಾವಾಗಿಯೇ ದೋಣಿಗೆ ಇಳಿದಂತೆ ಕಾಣುತ್ತದೆ. ಸರಕು ಮದ್ಯಸಾರದ 1,701 ಪೀಪಾಯಿ. ಅದು ಸಿಡಿಯಬಹುದೆಂದು ಹೆದರಿದ್ದರು ಎಂಬ ಊಹೆಯೇ ನನಗೆ ಜಾಸ್ತಿ ಒಪ್ಪಿಗೆ. ಹತ್ತೂ ಜನರ ಸುಳಿವು ಸಿಗಲಿಲ್ಲ, ಅದು ನಿಜ.

ದೋಣಿ ಇದ್ದಲ್ಲೇ ಇತ್ತು ಅನ್ನುವುದು ಆರ್ಥರ್ ಕಾನನ್ ಡಾಯ್ಲ್ 1884ರಲ್ಲಿ ಬರೆದ ಕಾಲ್ಪನಿಕ ಕಥೆಯಲ್ಲಿದೆ.